ಕೂಡಿಸಲಿಕ್ಕಿಲ್ಲ, ಗುಣಿಸಲಿಕ್ಕಿಲ್ಲ, ಆದರೂ ಇದು ಲೆಕ್ಕದ ಆಟ

ಸುಡೊಕು ನಮ್ಮ ಮನೆಗಳಿಗೆ ಹೊಸತಲ್ಲ. ಪೇಪರ್ ಬಂದ ಕೂಡಲೇ ಆ ಪುಟ ಮಡಚಿ ಪೆನ್ನು ಹಿಡಿದು ಕೂರುವವರು ಹಲವು ಮನೆಗಳಲ್ಲಿದ್ದಾರೆ. ಅದರ ತಮ್ಮನಂಥ ಆಟವೊಂದು ಉಂಟು, ಹೆಸರು ಫುತೊಶಿಕಿ. ಜಪಾನಿ ಭಾಷೆಯಲ್ಲಿ ಈ ಪದಕ್ಕೆ ‘ಅಸಮತೆ’ ಎಂದರ್ಥ. 2001ರಲ್ಲಿ ತಮಾಕಿ ಸೆತೊ ಎಂಬವರು ಇದನ್ನು ರೂಪಿಸಿದರೆಂದು ಹೇಳುತ್ತಾರೆ. ಆಮೇಲೆ ಬ್ರಿಟನ್ನಿನ ಪತ್ರಿಕೆಗಳಲ್ಲೂ ಇದಕ್ಕೆ ಜಾಗ ಸಿಕ್ಕಿತು.

ಆಟ ಇಷ್ಟೇ. ಅಡ್ಡಕ್ಕೆ ಐದು, ಉದ್ದಕ್ಕೆ ಐದು, ಒಟ್ಟು 25 ಮನೆ. 1ರಿಂದ 5ರ ತನಕದ ಅಂಕಿಗಳನ್ನು ತುಂಬಬೇಕು. ಅಡ್ಡ ಸಾಲಲ್ಲಾಗಲಿ ಉದ್ದ ಸಾಲಲ್ಲಾಗಲಿ ಒಂದೇ ಅಂಕಿ ಎರಡು ಸಲ ಬರಬಾರದು. ಸುಡೊಕುವಿನ ಒಳಚೌಕ ಇಲ್ಲಿಲ್ಲ. ಬದಲಿಗೆ ಕೆಲವು ಮನೆಗಳ ನಡುವೆ ಶಾಲೆಯಲ್ಲಿ ಕಲಿತ ಆ ‘ದೊಡ್ಡದು-ಚಿಕ್ಕದು’ ಚಿಹ್ನೆ. ಬಾಯಿ ತೆರೆದ ಕಡೆ ದೊಡ್ಡ ಅಂಕಿ, ಚೂಪು ಮೂತಿಯ ಕಡೆ ಸಣ್ಣದು. ಈ ಚಿಹ್ನೆ ಮೊದಲು ಅಚ್ಚಾದದ್ದು 1631ರಲ್ಲಿ, ಇಂಗ್ಲೆಂಡಿನ ಥಾಮಸ್ ಹ್ಯಾರಿಯಟ್ ಅವರ ಪುಸ್ತಕದಲ್ಲಿ. ಆಗ ಅವರು ತೀರಿಕೊಂಡು ಹತ್ತು ವರ್ಷವಾಗಿತ್ತು.

ಚಿಹ್ನೆ ಯಾವುದೂ ಇಲ್ಲದೆ ಬರೀ ಖಾಲಿ ಚೌಕ ಕೊಟ್ಟರೆ ಅದನ್ನು 1,61,280 ರೀತಿಯಲ್ಲಿ ತುಂಬಬಹುದು. ಅಷ್ಟರಲ್ಲಿ ಒಂದನ್ನು ಮಾತ್ರ ಉಳಿಸುವುದು ಈ ಪುಟ್ಟ ಚಿಹ್ನೆಗಳು ಮತ್ತು ಮೊದಲೇ ಕೊಟ್ಟ ಒಂದೆರಡು ಅಂಕಿಗಳು. ಸೋಜಿಗ ಅಲ್ವಾ?

ಒಂದು ಸಾಲನ್ನು ಒಟ್ಟಿಗೆ ಬಿಡಿಸಿ ನೋಡೋಣ. ಮೊದಲ ಮನೆಗಿಂತ ಎರಡನೆಯದು ದೊಡ್ಡದು, ಎರಡನೆಯದಕ್ಕಿಂತ ಮೂರನೆಯದು ದೊಡ್ಡದು. ಅತ್ತ ನಾಲ್ಕನೆಯದು ಐದನೆಯದಕ್ಕಿಂತ ದೊಡ್ಡದು. ಈಗ 5 ಎಲ್ಲಿ ಕೂರಬೇಕು? ಮೊದಲ ಎರಡು ಮನೆಗಳಲ್ಲಿ ಆಗದು, ಅವುಗಳ ಮುಂದೆ ಇನ್ನೂ ದೊಡ್ಡದು ಬರಬೇಕು. ಐದನೆಯದರಲ್ಲೂ ಆಗದು. ಉಳಿದದ್ದು ಮೂರನೆಯದು ಅಥವಾ ನಾಲ್ಕನೆಯದು. ಮೂರನೇ ಮನೆಯ ಉದ್ದ ಸಾಲಲ್ಲಿ ಕೆಳಗೆಲ್ಲೋ ಆಗಲೇ 5 ಇದ್ದರೆ ಮುಗಿಯಿತು, ನಾಲ್ಕನೇ ಮನೆಗೆ 5. ಇನ್ನು 1. ಎರಡನೇ ಮತ್ತು ಮೂರನೇ ಮನೆಗಳಿಗಿಂತ ಸಣ್ಣದು ಬೇರೆ ಇರುವುದರಿಂದ ಅಲ್ಲಿ 1 ಬರದು. ಐದನೇ ಮನೆಯ ಉದ್ದ ಸಾಲಲ್ಲಿ 1 ಬಂದಾಗಿದ್ದರೆ ಅಲ್ಲೂ ಇಲ್ಲ, ಹಾಗಾಗಿ ಮೊದಲ ಮನೆಗೆ 1. ಉಳಿದದ್ದು 2, 3, 4. ಎರಡನೇ ಮನೆಯ ಉದ್ದ ಸಾಲಲ್ಲಿ 2 ಇದ್ದರೆ ಅಲ್ಲಿ 3, ಮುಂದೆ 4, ಕೊನೆಯಲ್ಲಿ 2. ಸಾಲು ಸಿದ್ಧ: 1, 3, 4, 5, 2.

ಇಷ್ಟು ಹೊತ್ತು ನಾವು ಕೂಡಿಸಲಿಲ್ಲ, ಗುಣಿಸಲಿಲ್ಲ. ‘ಇದು ಯಾಕೆ ಆಗದು’ ಎಂದು ಕೇಳುತ್ತಾ ಹೋದೆವು, ಅಷ್ಟೇ. ಈ ಆಟದ ಬಗ್ಗೆ ಇಲ್ಲಿ ಬರೆಯಲು ಕಾರಣವೂ ಅದೇ. ನಮ್ಮಲ್ಲಿ ಎಷ್ಟೋ ಉಮ್ಮಂದಿರು ಐದೋ ಏಳೋ ಓದಿ ಶಾಲೆ ಬಿಟ್ಟವರು. ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದವರೂ ಇದ್ದಾರೆ. ಮಗಳು ಲೆಕ್ಕದ ಪುಸ್ತಕ ತೆರೆದರೆ ‘ನಂಗೆ ಅದೆಲ್ಲ ಗೊತ್ತಾಗುದಿಲ್ಲ ಮೋಳೆ’ ಎಂದು ಎದ್ದು ಹೋಗುತ್ತಾರೆ. ಆ ಮಾತು ಮಗಳಿಗೂ ಅಂಟಿಕೊಳ್ಳುತ್ತದೆ. ಬೀಜಗಣಿತದ ಹೋಂವರ್ಕ್‌ನಲ್ಲಿ ತಾಯಿ ಸಹಾಯ ಮಾಡಲಾರಳು, ನಿಜ. ಆದರೆ ಈ ಚೌಕದ ಮುಂದೆ ಏಳನೇ ಕ್ಲಾಸಿನವಳೂ ಡಿಗ್ರಿಯವಳೂ ಸಮಸಮ. ತಿಂಗಳ ಖರ್ಚನ್ನು ಬಾಯಲ್ಲೇ ಹೊಂದಿಸುವ ಉಮ್ಮನೇ ಮೊದಲು ಬಿಡಿಸಿದರೂ ಆಶ್ಚರ್ಯವಿಲ್ಲ.

ಮದ್ರಸಕ್ಕೆ ಹೋಗುವ ಮಕ್ಕಳಿಗೆ ಇನ್ನೊಂದು ಸ್ವಾರಸ್ಯ. ಅವರಿಗೆ ಅರಬಿ ಬಲದಿಂದ ಎಡಕ್ಕೆ, ಕನ್ನಡ ಎಡದಿಂದ ಬಲಕ್ಕೆ. ಈ ಚಿಹ್ನೆಯನ್ನು ಯಾವ ಕಡೆಯಿಂದ ಓದಿದರೂ ಸಂಗತಿ ಒಂದೇ. ಈಚೆಯಿಂದ ‘ಎರಡು ಐದಕ್ಕಿಂತ ಚಿಕ್ಕದು’, ಆಚೆಯಿಂದ ‘ಐದು ಎರಡಕ್ಕಿಂತ ದೊಡ್ಡದು’. ‘ಗ್ರೇಟರ್ ದ್ಯಾನ್, ಲೆಸ್ ದ್ಯಾನ್’ ಎಂದು ಬಾಯಿಪಾಠ ಮಾಡಿ ಗೊಂದಲವಾಗುವ ಮಕ್ಕಳಿಗೆ ಇದನ್ನು ತೋರಿಸಿ.

ಆಡುವಾಗ ಮೊದಲು ಉದ್ದದ ಸರಪಳಿ ಹುಡುಕಿ. ಒಂದರ ಹಿಂದೆ ಒಂದು ಏರುತ್ತಾ ಐದು ಮನೆ ಸಿಕ್ಕಿದರೆ, ಅದು ನಡುವೆ ಮೂಲೆ ತಿರುಗಿದ್ದರೂ ಚಿಂತಿಲ್ಲ, ಕಣ್ಣು ಮುಚ್ಚಿ 1, 2, 3, 4, 5 ಬರೆಯಬಹುದು. ನಾಲ್ಕರ ಸರಪಳಿಯಾದರೆ ಶುರುವಿನಲ್ಲಿ 1 ಅಥವಾ 2 ಮಾತ್ರ. ಪೆನ್ಸಿಲೇ ಬೇಕು, ಪೆನ್ನು ಬೇಡ. ಗಡಿಯಾರ ಓಡಿಸುವ ಮೊಬೈಲ್ ಆ್ಯಪ್‌ಗಳು ನಮಗಂತೂ ಇಷ್ಟವಿಲ್ಲ. ಯೋಚನೆಗೆ ಅವಸರ ಯಾಕೆ ಮಾರಾಯ್ರೆ?

ಜಾಹೀರಾತಿಲ್ಲದೆ, ದುಡ್ಡಿಲ್ಲದೆ ಬೇಕೆಂದರೆ ಸೈಮನ್ ಟ್ಯಾಥಮ್ ಎಂಬ ಬ್ರಿಟಿಷ್ ಪ್ರೋಗ್ರಾಮರ್ ಮಾಡಿಟ್ಟ ಒಗಟುಗಳ ಸಂಗ್ರಹದಲ್ಲಿ ಇದು ‘ಅನ್‌ಈಕ್ವಲ್’ ಎಂಬ ಹೆಸರಿನಲ್ಲಿದೆ. ಅಲ್ಲಿ ನಾಲ್ಕು ಮನೆಯ ಚೌಕದಿಂದ ಶುರು ಮಾಡಿ, ಕಾಗದಕ್ಕೆ ಇಳಿಸಿಕೊಂಡರೆ ಫೋನ್ ಬದಿಗಿಡಬಹುದು. ‘ರಿಕರ್ಸಿವ್’ ಎಂಬ ಕಡೆಯ ಹಂತಕ್ಕೆ ಮಾತ್ರ ಈಗಲೇ ಕೈ ಹಾಕಬೇಡಿ. ಅಲ್ಲಿ ಊಹಿಸಿ ಬರೆದು, ತಪ್ಪಿದರೆ ಹಿಂದೆ ಬಂದು ಅಳಿಸಬೇಕಾಗುತ್ತದೆ.