ಮಗು ಹಳದಿಯಾದಾಗ ಡಾಕ್ಟರ್ ಟ್ರಂಕಿನ ಬಗ್ಗೆ ಕೇಳಿದ್ದೇಕೆ?

ಬಾಣಂತನ ಅಂದ್ರೆ ಟ್ರಂಕು ತೆಗೆಯೋ ಕಾಲ. ಅಜ್ಜಿಯ ಮೆತ್ತನೆ ಸೀರೆ, ಅಣ್ಣನ ಮಗುವಿನ ಕುಲಾವಿ ಎಲ್ಲಾ ಹೊರಗೆ ಬರುತ್ತೆ. ಜೊತೆಗೆ ನುಸಿಗುಳಿಗೆ ವಾಸನೆಯೂ.

ನನ್ನ ತಂಗಿ ಮಗನಿಗೆ ನಾಲ್ಕನೇ ದಿನ ಕಣ್ಣು ಹಳದಿಯಾಯ್ತು. ಸಂಜೆ ಹೊತ್ತಿಗೆ ಹೊಟ್ಟೆವರೆಗೂ ಇಳೀತು. ಆಸ್ಪತ್ರೆಯಲ್ಲಿ ತಾಯಿ, ಮಗುವಿನ ರಕ್ತದ ಗುಂಪು ನೋಡಿದ ಡಾಕ್ಟರ್, "ಬಟ್ಟೆಗೆ ನುಸಿಗುಳಿಗೆ ಹಾಕಿಟ್ಟಿದ್ರಾ?" ಅಂದ್ರು.

ಅರ್ಧಕ್ಕಿಂತ ಹೆಚ್ಚು ನವಜಾತ ಶಿಶುಗಳಿಗೆ ಮೊದಲ ವಾರ ಕಾಮಾಲೆ ಕಾಣಿಸುತ್ತೆ. ಕೆಂಪು ರಕ್ತಕಣ ಒಡೆದಾಗ ಬರೋ ಬಿಲಿರುಬಿನ್ ಅನ್ನು ಎಳೆ ಲಿವರ್ ಬೇಗ ಹೊರಹಾಕಲಾರದು. ಬಹುಪಾಲು ತಾನಾಗಿ ಇಳಿಯುತ್ತೆ. ತೀರಾ ಏರಿದರೆ ಮಾತ್ರ ಮಿದುಳಿಗೆ ಸೇರಿ ಶಾಶ್ವತ ಹಾನಿ ಮಾಡುತ್ತೆ, ಕಿವಿಯೂ ಕೇಳದಂತಾಗಬಹುದು.

ನಮ್ಮ ಸಾಫ್ಟ್‌ವೇರಿನಲ್ಲಿ ಒಂದೇ ಎರರ್‌ಗೆ ಹತ್ತು ಕಾರಣ ಇರುತ್ತಲ್ಲ, ಇದೂ ಹಾಗೇ. ತಂಗಿ ಮಗನಿಗೆ ಇದ್ದದ್ದು ಜಿ6ಪಿಡಿ ಎಂಬ ಕಿಣ್ವದ ಕೊರತೆ. ಕೆಂಪು ಕಣಗಳನ್ನು ಕಾಯೋದು ಈ ಕಿಣ್ವ. ಅದು ಕಡಿಮೆಯಿದ್ದಾಗ ನುಸಿಗುಳಿಗೆಯ ನ್ಯಾಫ್ತಲೀನ್ ಚರ್ಮ, ಉಸಿರಿನ ಮೂಲಕ ಒಳಹೋದರೆ ಕಣಗಳು ಒಡೆಯುತ್ತವೆ. ಇದರ ಜೀನ್ ಎಕ್ಸ್ ಕ್ರೋಮೋಸೋಮಿನಲ್ಲಿದೆ, ಹಾಗಾಗಿ ಗಂಡುಮಕ್ಕಳಲ್ಲೇ ಹೆಚ್ಚು.

"ನಾನೇ ಮಡಚಿಟ್ಟಿದ್ದು" ಅಂತ ಅಮ್ಮ ಅತ್ತುಬಿಟ್ರು. "ಹುಟ್ಟಿನಿಂದ ಬಂದದ್ದಮ್ಮ, ಯಾರ ತಪ್ಪೂ ಅಲ್ಲ. ಬಟ್ಟೆ ಬದಲಾಯಿಸಿ, ಸಾಕು" ಅಂದ್ರು ಡಾಕ್ಟರ್. ನೀಲಿ ಬೆಳಕಿನ ಚಿಕಿತ್ಸೆಯಲ್ಲಿ ಮಗು ಚೇತರಿಸಿಕೊಂಡ. ಯಾವ ಮಾತ್ರೆ ಕೊಡಬಾರದು ಅನ್ನೋ ಪಟ್ಟಿ ಈಗ ಅವನ ಫೈಲಿನಲ್ಲಿದೆ.

ಇನ್ನೂ ಅಪರೂಪದ ಕಾರಣಗಳಿವೆ. ಕ್ರಿಗ್ಲರ್-ನಜ್ಜರ್ ಕಾಯಿಲೆಯಲ್ಲಿ ಬಿಲಿರುಬಿನ್ ಸಂಸ್ಕರಿಸೋ ಕಿಣ್ವವೇ ಇರಲ್ಲ, ಅಥವಾ ತೀರಾ ಕಮ್ಮಿ. ಅದರ ತೀವ್ರ ರೂಪದಲ್ಲಿ ದಿನಾ ಹಲವು ಗಂಟೆ ಬೆಳಕಿನ ಚಿಕಿತ್ಸೆ ಬೇಕು, ಕೊನೆಗೆ ಲಿವರ್ ಕಸಿ. ಬಿಲಿಯರಿ ಅಟ್ರೀಸಿಯಾದಲ್ಲಿ ಪಿತ್ತನಾಳ ಮುಚ್ಚಿಹೋಗಿ ಮಲ ಸುಣ್ಣದಂತೆ ಬಿಳಿಚುತ್ತೆ. ಅದಕ್ಕೆ ಮಾಡೋ ಕಸಾಯಿ ಶಸ್ತ್ರಚಿಕಿತ್ಸೆ 60 ದಿನದೊಳಗಾದರೆ ಫಲ ಹೆಚ್ಚು.

ಹಾಗಾಗಿ ಇಷ್ಟು ನೆನಪಿರಲಿ:

• ಹುಟ್ಟಿದ 24 ಗಂಟೆಯೊಳಗೆ ಹಳದಿ ಕಂಡರೆ, ಅಥವಾ ಹಳದಿ ಕಾಲಿನವರೆಗೆ ಇಳಿದರೆ ತಕ್ಷಣ ಆಸ್ಪತ್ರೆ.
• ಮಗು ಹಾಲು ಬಿಟ್ಟು ಮಂಕಾಗಿದ್ದರೆ ಕಾಯಬೇಡಿ.
• ಎರಡು ವಾರ ದಾಟಿದರೂ ಇಳಿಯದಿದ್ದರೆ, ಮಲ ಬಿಳಿಚಿದ್ದರೆ, ಮೂತ್ರ ಕಡುಹಳದಿಯಾದರೆ ಪರೀಕ್ಷೆ ಆಗಲೇಬೇಕು.

ಎಳೆಬಿಸಿಲು ಚಿಕಿತ್ಸೆಗೆ ಬದಲಿಯಲ್ಲ. ನುಸಿಗುಳಿಗೆ ಜೊತೆ ಇಟ್ಟ ಬಟ್ಟೆ ಎಳೆಮಗುವಿಗೆ ಬೇಡ. ಡಾಕ್ಟರ್ ಹತ್ರ "ಕಾಮಾಲೆ ಎಷ್ಟಿದೆ?" ಅಂತಷ್ಟೇ ಅಲ್ಲ, "ಯಾಕೆ ಬಂತು?" ಅಂತಲೂ ಕೇಳಿ.