ರೂಪವೂ ಗಡಿ ದಾಟುತ್ತದೆ

ನವಲಗುಂದ ತಾಲ್ಲೂಕಿನ ಯಮನೂರು ಬೆಣ್ಣೆಹಳ್ಳದ ದಡದ ಊರು. ಅಂಥ ಊರಿನ ಪಡಸಾಲೆಯಲ್ಲಿ ಕುಳಿತು ಬೆಂಗಳೂರಿನ ಕಚೇರಿಯ ವಿಡಿಯೊ ಸಭೆಗೆ ಹಾಜರಾಗುವುದು 2020ರ ಲಾಕ್‌ಡೌನ್ ನಂತರ ಸೋಜಿಗವಾಗಿ ಉಳಿದಿಲ್ಲ. ಹಾಗೆ ಕುಳಿತವನು ಹೊಲದಲ್ಲಿ ದುಡಿದಿಲ್ಲ, ಭಾರ ಹೊತ್ತಿಲ್ಲ. ಆದರೂ ಸಂಜೆ ತಾಯಿಯ ಸಣ್ಣ ಮಾತಿಗೂ ಸಿಡುಕುತ್ತಾನೆ.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜೆರೆಮಿ ಬೈಲೆನ್ಸನ್ 2021ರಲ್ಲಿ ಈ ದಣಿವಿಗೆ ನಾಲ್ಕು ಕಾರಣಗಳನ್ನು ಮುಂದಿಟ್ಟರು: ಅತಿ ಸಮೀಪದಿಂದ ನೆಟ್ಟ ಕಣ್ಣುಗಳು, ತನ್ನ ಮುಖವನ್ನೇ ತಾನು ನೋಡುತ್ತಿರುವುದು, ಚಲನೆಯ ಕೊರತೆ, ಸನ್ನೆಗಳನ್ನು ಅರಿಯಲು ಮನಸ್ಸು ಪಡುವ ಹೆಚ್ಚಿನ ಶ್ರಮ. ಆದರೆ ಸಾಮಾಯಿಕಕ್ಕೆ ಕುಳಿತ ಶ್ರಾವಕನೂ ಸಾಮಾನ್ಯವಾಗಿ ಒಂದು ಮುಹೂರ್ತ, ಅಂದರೆ 48 ನಿಮಿಷ, ಅಲುಗದೆ ಇರುತ್ತಾನೆ, ಏಳುವಾಗ ಹಗುರಾಗಿರುತ್ತಾನೆ. ನಿಶ್ಚಲತೆಯೊಂದೇ ದಣಿಸುವುದಿಲ್ಲವೆಂದಾಯಿತು.

ವ್ಯತ್ಯಾಸವನ್ನು ಅರಿಯಲು ದೇಶವ್ರತವನ್ನು ನೋಡಬೇಕು. ಇಂತಿಷ್ಟು ಕಾಲ ಈ ಮನೆ, ಈ ಬೀದಿಯನ್ನು ದಾಟೆನೆಂಬ ನಿಯಮವಿದು. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರ ಇದಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ. ಗಡಿಯಾಚೆಯಿಂದ ವಸ್ತು ತರಿಸುವುದು, ಆಳನ್ನು ಕಳುಹಿಸುವುದು, ಕಲ್ಲು ಮುಂತಾದುದನ್ನು ಎಸೆದು ಸೂಚಿಸುವುದು ಮೂರು. ಉಳಿದೆರಡು ಶಬ್ದಾನುಪಾತ ಮತ್ತು ರೂಪಾನುಪಾತ: ದೇಹವನ್ನು ಒಳಗಿರಿಸಿ ದನಿಯನ್ನು ಹೊರಗೆ ಕಳುಹಿಸುವುದು, ರೂಪವನ್ನು ತೋರಿಸಿ ಕೆಲಸ ಸಾಧಿಸುವುದು. ಕಾಲು ದಾಟದಿದ್ದರೂ ಮನಸ್ಸು ದಾಟಿತೆಂಬುದನ್ನು ಆಚಾರ್ಯರು ಎಷ್ಟು ಸೂಕ್ಷ್ಮವಾಗಿ ಗುರುತಿಸಿದ್ದಾರೆ! ಪರದೆಯ ಮುಂದೆ ನಡೆಯುವುದೂ ಇದೇ. ದೇಹ ಯಮನೂರಿನಲ್ಲಿ, ದನಿ, ರೂಪಗಳು ಹತ್ತು ಊರುಗಳಲ್ಲಿ.

ವ್ರತ ಹಿಡಿಯದವನಿಗೆ ಇದು ದೋಷವಲ್ಲ. ಜೀವನೋಪಾಯದ ಸಭೆಯನ್ನು ಅತಿಚಾರವೆಂದು ಜರೆಯುವುದೂ ಸಲ್ಲದು. ಆದರೆ ದಣಿವಿನ ಮೂಲ ತಿಳಿದರೆ ಉಪಾಯವೂ ಹೊಳೆಯುತ್ತದೆ. ಮುಖ ಕಾಣಬೇಕಾದ ಅಗತ್ಯವಿಲ್ಲದ ಸಭೆಗೆ ದನಿ ಸಾಕು. ಕ್ಯಾಮೆರಾ ಕಡ್ಡಾಯವಾದರೆ ತನ್ನ ಚಿತ್ರವನ್ನಾದರೂ ತನ್ನ ಪರದೆಯಿಂದ ಮರೆಮಾಡಬಹುದು. ಗಳಿಗೆಗೊಮ್ಮೆ ಕೂದಲು ತಿದ್ದಿಕೊಳ್ಳುವ ಕೈ ಮಾನಕಷಾಯದ್ದೇ ಅಲ್ಲವೆ? ಮಾತಿನ ಸರದಿ ಬಂದಾಗ ಭಾಷಾಸಮಿತಿಯಂತೆ ಹಿತಮಿತವಾಗಿ ಆಡಿದರೆ ಕೇಳುವವರ ಆಯಾಸವೂ ಇಳಿಯುತ್ತದೆ. ಕೆಲಸ ಮುಗಿದ ಮೇಲೆ ಮರುದಿನ ಬೆಳಗಿನವರೆಗೆ ದನಿ, ರೂಪಗಳಿಗೆ ಮನೆಯ ಹೊಸ್ತಿಲನ್ನೇ ಗಡಿಯಾಗಿಸುವುದು ಗೃಹಸ್ಥನಿಗೆ ಅಸಾಧ್ಯವೇನಲ್ಲ.

ಎರಡು ಸಭೆಗಳ ನಡುವೆ ಕಾಯೋತ್ಸರ್ಗಕ್ಕೂ ಎಡೆಯಿದೆ. ಎದ್ದು ನಿಂತು, ತೋಳುಗಳನ್ನು ಇಳಿಬಿಟ್ಟು, 27 ಉಸಿರುಗಳಲ್ಲಿ ಒಂಬತ್ತು ಬಾರಿ ಪಂಚನಮಸ್ಕಾರ. ಮುಂದಿನ ಕರೆ ಬರುವಷ್ಟರಲ್ಲಿ ಅದು ಮುಗಿದಿರುತ್ತದೆ.