ಕೊಟ್ಟ ಸ್ಥಾನ, ಉಳಿಸಿಕೊಂಡ ಸ್ಥಾನ

ತೇರಿನ ಬೀದಿಯಲ್ಲಿ ನಿಂತು ರಥೋತ್ಸವವನ್ನು ಕಂಡವರಿಗೆಲ್ಲ ಒಂದು ಸಂಗತಿ ಗೊತ್ತು. ನೇರವಾದ ದಾರಿಯಲ್ಲಿ ತೇರು ಸಾಗುವಾಗ ಹಗ್ಗ ಹಿಡಿದವರ ತೋಳಿನ ಬಲವೇ ಸಾಕು. ಬೀದಿಯ ಮೂಲೆ ಬಂದಾಗಲಾದರೋ ಬಲಕ್ಕಿಂತ ಕುಶಲತೆಗೆ ಬೆಲೆ ಹೆಚ್ಚು. ಚಕ್ರಕ್ಕೆ ಅಡ್ಡಮರ ಕೊಡುವ ಹಿರಿಯನ ಕಣ್ಣಳತೆಯ ಮೇಲೆ ಆ ಗಳಿಗೆಯಲ್ಲಿ ಇಡೀ ಊರಿನ ನಂಬಿಕೆ ನಿಂತಿರುತ್ತದೆ. ಒಂದು ಮೊಳ ತಪ್ಪಿದರೆ ತೇರು ಯಾರದೋ ಮನೆಯ ಜಗಲಿಯನ್ನು ಮುಟ್ಟೀತು. ಇಕ್ಕಟ್ಟಾದ ಬೀದಿಯಲ್ಲಿ ವಾಹನವನ್ನು ತಿರುಗಿಸುವುದು ಎಲ್ಲ ಕಾಲಕ್ಕೂ ಎಲ್ಲ ದೇಶಕ್ಕೂ ಒಂದು ವಿದ್ಯೆಯೇ ಸರಿ.

ಯೂರೋಪಿನವರು ಈ ವಿದ್ಯೆಗೆ ವೇಗವನ್ನು ಕೂಡಿಸಿ ಅದನ್ನೊಂದು ಪಂದ್ಯವನ್ನಾಗಿ ಮಾಡಿದರು. ಮೆಡಿಟರೇನಿಯನ್ ಕಡಲ ದಡದ ಪುಟ್ಟ ಸಂಸ್ಥಾನವಾದ ಮೊನಾಕೊದ ಬೀದಿಗಳಲ್ಲಿ ಇಂತಹ ಓಟ ಮೊದಲು ನಡೆದದ್ದು 1929ರಲ್ಲಿ. ಅದೇ ಬೀದಿಗಳಲ್ಲಿ 2025ರ ಮೇ 24ರ ಶನಿವಾರ ಫಾರ್ಮುಲಾ 2 ವರ್ಗದ ಕಿರು ಓಟವನ್ನು ಗೆದ್ದವನು ನಮ್ಮ ಬೆಂಗಳೂರಿನ ತರುಣ ಕುಶ್ ಮೈನಿ. ಅಲ್ಲಿ ಆ ವರ್ಗದ ಓಟವನ್ನು ಗೆದ್ದ ಮೊದಲ ಭಾರತೀಯನೂ ಅವನೇ. ಆಗ ಅವನಿಗೆ 24 ವರ್ಷ.

ಮೋಟಾರು ಓಟದ ಪರಿಚಯವಿಲ್ಲದ ಓದುಗರಿಗಾಗಿ ಒಂದೆರಡು ಮಾತು. ಫಾರ್ಮುಲಾ 1 ಎಂಬುದು ಈ ಕ್ರೀಡೆಯ ಶಿಖರವಾದರೆ, ಫಾರ್ಮುಲಾ 4, 3, 2 ಎಂಬಿವು ಅಲ್ಲಿಗೆ ಏರುವ ಮೆಟ್ಟಿಲುಗಳು. ಹದಿನೈದರ ಹುಡುಗರು ಕೆಳಗಿನ ಮೆಟ್ಟಿಲನ್ನು ಹತ್ತಬಹುದು. ಎರಡನೆಯ ವರ್ಗದಲ್ಲಿ ಎಲ್ಲರಿಗೂ ಒಂದೇ ಬಗೆಯ ಕಾರು, ಒಂದೇ ಬಗೆಯ ಎಂಜಿನು. ಆದ್ದರಿಂದ ಚಾಲಕನ ಯೋಗ್ಯತೆ ಬಯಲಾಗದೆ ಇರದು. ಕಾರಿನಲ್ಲಿ ಇರುವುದು ಒಂದೇ ಆಸನ. ನಮ್ಮ ಮಹಾಭಾರತದ ಕರ್ಣನಿಗೆ ಸೋಲು ಬಂದಾಗ ದೂರಲು ಶಲ್ಯನೆಂಬ ಸಾರಥಿಯಾದರೂ ಇದ್ದ. ಈ ರಥದಲ್ಲಿ ರಥಿಯೂ ಸಾರಥಿಯೂ ಒಬ್ಬನೇ. ತಪ್ಪಿದರೆ ದೂರಲು ಪಕ್ಕದಲ್ಲಿ ಇನ್ನೊಬ್ಬನಿಲ್ಲ.

ಮೊನಾಕೊದ ಒಂದು ಸುತ್ತು 3.337 ಕಿಲೋಮೀಟರು, ಅದರಲ್ಲಿ 19 ತಿರುವುಗಳು. ಬೇರೆ ದಿನಗಳಲ್ಲಿ ಬಸ್ಸು ಲಾರಿಗಳು ಓಡಾಡುವ ರಸ್ತೆ ಅದು. ಸಾಂತ್ ದೆವೋತ್ ಎಂಬ ಪುಟ್ಟ ಚರ್ಚಿನ ಬಳಿ ಮೊದಲ ತಿರುವು, ಅಲ್ಲಿಂದ ಏರು, ಮತ್ತೆ ಇಳಿಜಾರು, ಹೋಟೆಲೊಂದರ ಎದುರಿಗೆ ಎತ್ತಿನ ಗಾಡಿಯ ನಿಧಾನವನ್ನು ನೆನಪಿಗೆ ತರುವಂತಹ ಸಣ್ಣ ತಿರುವು, ಬಳಿಕ ಒಂದು ಸುರಂಗ, ಕತ್ತಲಿನಿಂದ ಬೆಳಕಿಗೆ ಬಂದ ಮರುಗಳಿಗೆಗೆ ಬಂದರು, ಈಜುಕೊಳ, ಮತ್ತೆ ತಿರುವುಗಳು. ಇತರ ಓಟದಾಣಗಳಲ್ಲಿ ತಪ್ಪಿದ ಕಾರಿಗೆ ಹರಿದಾಡಲು ಬಯಲುಂಟು. ಇಲ್ಲಿ ಇಕ್ಕೆಲಗಳಲ್ಲಿಯೂ ಉಕ್ಕಿನ ತಡೆಗೋಡೆ. ಸುಮಾರು 1.9 ಮೀಟರು ಅಗಲದ ಕಾರು ಇನ್ನೊಂದನ್ನು ದಾಟಿ ಮುಂದೆ ಹೋಗುವುದು ಬಹು ದುಸ್ತರ. ಆದಕಾರಣ ಹೊರಡುವಾಗ ಯಾರು ಮುಂದೆ ನಿಂತಿರುವರೋ ಅವರಿಗೇ ಅರ್ಧ ಗೆಲವು ಎಂಬುದು ಅಲ್ಲಿನ ಅನುಭವಿಗಳ ಮಾತು.

ಆಕ್ಷೇಪಕ್ಕೆ ಎಡೆಯಿರುವುದು ಇಲ್ಲಿಯೇ. ಫಾರ್ಮುಲಾ 2ರ ಶನಿವಾರದ ಕಿರು ಓಟಕ್ಕೆ ಒಂದು ವಿಚಿತ್ರ ನಿಯಮವುಂಟು. ಅರ್ಹತಾ ಪರೀಕ್ಷೆಯ ಮೊದಲ ಹತ್ತು ಸ್ಥಾನಗಳನ್ನು ತಲೆಕೆಳಗು ಮಾಡಿ ನಿಲ್ಲಿಸುತ್ತಾರೆ. ಹತ್ತನೆಯವನು ಮೊದಲಿಗನಾಗುತ್ತಾನೆ, ಮೊದಲಿಗನು ಹತ್ತನೆಯವನಾಗುತ್ತಾನೆ. ಕುಶ್ ಅರ್ಹತೆಯಲ್ಲಿ ಪಡೆದದ್ದು ಹತ್ತನೆಯ ಸ್ಥಾನ. ನಿಯಮವು ಅವನನ್ನು ಎಲ್ಲರ ಮುಂದೆ ತಂದು ನಿಲ್ಲಿಸಿತು. ಹಾಗಾದರೆ ಈ ಗೆಲವು ಪುಕ್ಕಟೆ ಬಂದದ್ದಲ್ಲವೇ ಎಂದು ಕೇಳುವವರಿದ್ದಾರೆ.

ಪ್ರಶ್ನೆ ನ್ಯಾಯವಾದದ್ದೇ. ಉತ್ತರವು ಮರುದಿನದ ಓಟದಲ್ಲಿದೆ. ಭಾನುವಾರದ ಮುಖ್ಯ ಓಟದಲ್ಲಿ ತಲೆಕೆಳಗಿನ ಲೆಕ್ಕವಿಲ್ಲ. ಅರ್ಹತೆಯಲ್ಲಿ ಮೊದಲಿಗನಾದ ಐರ್ಲೆಂಡಿನ ಅಲೆಕ್ಸ್ ಡನ್ ನ್ಯಾಯವಾಗಿಯೇ ಮುಂದೆ ನಿಂತಿದ್ದ. ಹೊರಟ ಕೆಲವೇ ಕ್ಷಣಗಳಲ್ಲಿ, ಆ ಚರ್ಚಿನ ತಿರುವಿನಲ್ಲಿಯೇ, ಅವನೂ ಫ್ರಾನ್ಸಿನ ವಿಕ್ಟರ್ ಮಾರ್ಟಿನ್ಸನೂ ಡಿಕ್ಕಿಯಾದರು, ಹಿಂದಿನಿಂದ ಬಂದ ಹಲವು ಕಾರುಗಳು ಆ ರಾಶಿಗೆ ಸಿಲುಕಿದವು, ಓಟವನ್ನೇ ನಿಲ್ಲಿಸಬೇಕಾಯಿತು. ಸಂಪಾದಿಸಿದ ಮೊದಲ ಸ್ಥಾನವೂ ಒಂದು ತಿರುವಿನ ಮಟ್ಟಿಗೆ ಉಳಿಯಲಿಲ್ಲ. ಹಿಂದಿನ ದಿನ ಅದೇ ತಿರುವನ್ನು ಕೊಟ್ಟ ಸ್ಥಾನದಿಂದ ಹೊರಟವನು ಮೂವತ್ತು ಸಾರಿ ದಾಟಿದ್ದ. ಹಿಂದೆ ಇಪ್ಪತ್ತೊಂದು ಕಾರುಗಳ ಒತ್ತಡವಿಟ್ಟುಕೊಂಡು, ನೂರು ಕಿಲೋಮೀಟರುಗಳ ಉದ್ದಕ್ಕೂ, ಗೋಡೆಯಿಂದ ಗೇಣಗಲದಲ್ಲಿ ಕಾರನ್ನು ನಡೆಸುವುದು ಯಾವ ನಿಯಮವೂ ದಾನ ಮಾಡಬಲ್ಲ ವಸ್ತುವಲ್ಲ.

ಈ ತರುಣನಿಗೆ ಕೊಡುವುದೂ ಕಿತ್ತುಕೊಳ್ಳುವುದೂ ಹೊಸತೇನಲ್ಲ. 2024ರಲ್ಲಿ ಬಹ್ರೇನಿನಲ್ಲಿ ಅವನು ಅರ್ಹತೆಯ ಮೊದಲ ಸ್ಥಾನ ಪಡೆದ. ತಪಾಸಣೆಯಲ್ಲಿ ಕಾರು ನಿಯಮಕ್ಕೆ ಹೊಂದಲಿಲ್ಲವೆಂದು ಅದನ್ನು ರದ್ದು ಮಾಡಿದರು. ಅದೇ ವರ್ಷ ಹಂಗೇರಿಯ ಕಿರು ಓಟದಲ್ಲಿ ಎರಡನೆಯವನಾಗಿ ಗುರಿ ಮುಟ್ಟಿದ. ಮೊದಲಿಗನ ಗೆಲವು ರದ್ದಾಗಿ ಜಯ ಇವನ ಪಾಲಿಗೆ ಬಂದಿತು. ಎಲ್ಲರಿಗಿಂತ ಮೊದಲು ಗೆರೆಯನ್ನು ದಾಟಿ ಫಾರ್ಮುಲಾ 2ರಲ್ಲಿ ಗೆದ್ದದ್ದು ಮೊನಾಕೊದಲ್ಲಿಯೇ ಮೊದಲು.

ಇನ್ನು ಅವನು ಬೆಳೆದ ಹಿನ್ನೆಲೆಯನ್ನು ನೋಡೋಣ. ಆ ದಾರಿ ನಮ್ಮನ್ನು ಪೀಣ್ಯಕ್ಕೆ ಕರೆತರುತ್ತದೆ. ಕುಶನ ಅಜ್ಜ ಸುದರ್ಶನ ಮೈನಿಯವರು 1973ರಲ್ಲಿ ಬೆಂಗಳೂರಿನಲ್ಲಿ ಉದ್ಯಮವನ್ನು ಆರಂಭಿಸಿದರು. ವಾಹನಗಳಿಗೂ ವಿಮಾನಗಳಿಗೂ ಬೇಕಾದ ಸೂಕ್ಷ್ಮ ಭಾಗಗಳನ್ನು ತಯಾರಿಸುವ ಮೈನಿ ಪ್ರಿಸಿಷನ್ ಪ್ರಾಡಕ್ಟ್ಸ್ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ನೆಲೆಯೂರಿತು. ಕುಶನ ತಂದೆ ಗೌತಮರು ಅದನ್ನು ನಡೆಸಿದವರು. ಚಿಕ್ಕಪ್ಪ ಚೇತನರು ಎಲೆಕ್ಟ್ರಾನಿಕ್ ಸಿಟಿಯ ಆಚೆಯ ಬೊಮ್ಮಸಂದ್ರದಲ್ಲಿ ತಯಾರಿಸಿದ 'ರೇವಾ' ವಿದ್ಯುತ್ ಕಾರು 2001ರಲ್ಲಿ ರಸ್ತೆಗಿಳಿಯಿತು. ಅಣ್ಣ ಅರ್ಜುನನೂ 2018ರಲ್ಲಿ ಫಾರ್ಮುಲಾ 2ರಲ್ಲಿ ಓಡಿಸಿದವನು. ಪೀಣ್ಯದ ಲೇತಿನ ಮುಂದೆ ನಿಂತವನಿಗೆ ಕೂದಲೆಳೆಗಿಂತ ಸಣ್ಣ ಅಳತೆಯೂ ದೊಡ್ಡದೇ. ಮೈಕ್ರೋಮೀಟರು ಒಂದು ಗೆರೆ ಹೆಚ್ಚು ತೋರಿಸಿದರೆ ದಿನವಿಡೀ ದುಡಿದು ಮಾಡಿದ ಜಾಬು ರಿಜೆಕ್ಟ್ ಆಗುತ್ತದೆ. ಮೊನಾಕೊದ ಗೋಡೆಯೂ ಅಂತಹುದೇ ಒಬ್ಬ ನಿಷ್ಠುರ ಪರೀಕ್ಷಕ.

ಆದರೆ ನ್ಯಾಯವನ್ನು ಕುರಿತು ಮಾತೆತ್ತಿದ ಮೇಲೆ ಅದನ್ನು ಪೂರ್ತಿಯಾಗಿ ಹೇಳಬೇಕು. ಈ ಕ್ರೀಡೆಯ ಮೆಟ್ಟಿಲುಗಳನ್ನು ಹತ್ತಲು ಕೋಟಿಗಟ್ಟಲೆ ಹಣ ಬೇಕು. ನಮ್ಮ ನಾಡಿನಲ್ಲಿ ಮಕ್ಕಳು ಕಲಿಯಲು ಕಾರ್ಟಿಂಗ್ ಅಂಗಳಗಳಿವೆ. ಮುಂದಿನ ಪಾಠಕ್ಕೆ ಚೆನ್ನೈ ಬಳಿಯ ಇರುಂಗಾಟ್ಟುಕೋಟೆಗೋ ಕೊಯಮತ್ತೂರಿಗೋ ಹೋಗಬೇಕು. ಅದರ ಮುಂದಿನದಕ್ಕೆ ಸಮುದ್ರವನ್ನೇ ದಾಟಬೇಕು. ಬೀದಿಯ ಓಟಗಳು ನಮ್ಮ ನೆರೆಗೂ ಬಂದಿವೆ: 2022ರಲ್ಲಿ ಹೈದರಾಬಾದಿನ ಹುಸೇನ್ ಸಾಗರದ ದಡದಲ್ಲಿ, 2024ರ ಆಗಸ್ಟ್ 31 ಮತ್ತು ಸೆಪ್ಟೆಂಬರ್ 1ರಂದು ಚೆನ್ನೈಯ ಐಲೆಂಡ್ ಗ್ರೌಂಡ್ಸ್ ಸುತ್ತಲಿನ 3.5 ಕಿಲೋಮೀಟರು ದಾರಿಯಲ್ಲಿ, ರಾತ್ರಿಯ ದೀಪಗಳ ಬೆಳಕಿನಲ್ಲಿ. ಚೆನ್ನೈಯಲ್ಲಿ ಫಾರ್ಮುಲಾ 4ರ ಎಳೆಯರೂ ಓಡಿಸಿದರು. ಆದರೂ ಅಲ್ಲಿ ಕಾರಿನೊಳಗೆ ಕೂರುವವರು ಯಾರ ಮಕ್ಕಳು ಎಂಬ ಪ್ರಶ್ನೆ ಉಳಿದೇ ಇದೆ. ಕಾರ್ಖಾನೆಯ ಒಡೆಯನ ಮಗನಾಗಿ ಹುಟ್ಟುವುದೂ ಒಂದು ಕೊಟ್ಟ ಸ್ಥಾನವೇ. ಕುಶ್ ಅದನ್ನು ವ್ಯರ್ಥ ಮಾಡಲಿಲ್ಲ. ಅದು ಅವನ ಹಿರಿಮೆ. ಅದೇ ಪೀಣ್ಯದ ಶೆಡ್ಡುಗಳಲ್ಲಿ ಟರ್ನರನ ಮಗನೊಬ್ಬನಿಗೆ ಅಷ್ಟೇ ಚುರುಕಾದ ಕಣ್ಣೂ ಅಷ್ಟೇ ಸ್ಥಿರವಾದ ಕೈಯೂ ಇದ್ದರೆ, ಅವನು ಯಾವ ಸಾಲಿನಲ್ಲಿ ನಿಂತು ಹೊರಡಬೇಕು?

ಆ ತಲೆಕೆಳಗಿನ ನಿಯಮವು ಇದಕ್ಕಾಗಿ ನನಗೆ ಮೆಚ್ಚುಗೆಯಾದದ್ದು. ಹಿಂದೆ ಉಳಿದವನಿಗೆ ಒಂದು ಸಾರಿ ಮುಂದಿನ ಸಾಲು ಕೊಟ್ಟು ನೋಡಿ ಎಂದು ಅದು ಹೇಳುತ್ತದೆ. ಗೆಲವನ್ನು ಅದು ಕೊಡುವುದಿಲ್ಲ. ಗೆಲ್ಲಲು ಎಡೆಯನ್ನು ಮಾತ್ರ ಕೊಡುತ್ತದೆ. ಉಳಿದ ಮೂವತ್ತು ಸುತ್ತುಗಳನ್ನು ಅವನೇ ಓಡಿಸಬೇಕು. ನಮ್ಮ ಶಾಲೆ, ಕಾಲೇಜು, ಕೈಗಾರಿಕಾ ತರಬೇತಿ ಕೇಂದ್ರಗಳಲ್ಲಿ ವಿದ್ಯಾರ್ಥಿವೇತನವೆಂದೂ ಮೀಸಲೆಂದೂ ನಾವು ಕರೆಯುವುದರ ತಿರುಳು ಇದಕ್ಕಿಂತ ಬೇರೆಯಲ್ಲ. ಅಂತಹ ಸ್ಥಾನ ಪಡೆದವನನ್ನು ಕಂಡು ಮೂಗು ಮುರಿಯುವ ಮುನ್ನ, ಅವನು ತಿರುವುಗಳನ್ನು ಹೇಗೆ ದಾಟುತ್ತಾನೆಂಬುದನ್ನು ನೋಡುವ ತಾಳ್ಮೆ ನಮಗೆ ಬರಲಿ.